ಬಾಗಿಲು ಹಾಕಿ ಅಳೆಯುವ ಟೇಪಕ್ಕ

ಬೆಳಕು ಹರಿಯುವ ಹೊತ್ತಿಗೆ ಟೇಪಕ್ಕ ಶಾಲೆಯ ಆಟದ ಸಾಮಾನಿನ ಕೋಣೆ ಗುಡಿಸುತ್ತಿದ್ದಾರೆ. ಗಾಳಿ ಹೋದ ಚೆಂಡುಗಳನ್ನು ಮೂಲೆಗೆ ತಳ್ಳಿ, ಕಿಟಕಿಗೆ ಹಳೆಯ ಬೆಡ್‌ಶೀಟ್ ಕಟ್ಟುತ್ತಾರೆ. ಇವತ್ತು ಸಮವಸ್ತ್ರದ ಅಳತೆ. ಕುತ್ತಿಗೆಯಿಂದ ಟೇಪು ಇಳಿಸದ ಈ ದರ್ಜಿಗೆ ಆ ಹೆಸರಿಟ್ಟದ್ದು ಮಕ್ಕಳೇ.

ಇಲ್ಲಿಯವರೆಗೆ ಅಳತೆ ನಡೆಯುತ್ತಿದ್ದದ್ದು ಕಾರಿಡಾರಿನಲ್ಲಿ, ಇಡೀ ತರಗತಿಯ ಎದುರು. ಟೇಪಕ್ಕ ಹೇಳಿದ ಅಂಕಿಯನ್ನು ಮೇಷ್ಟ್ರು ಗಟ್ಟಿಯಾಗಿ ಕೂಗಿ ಬರೆದುಕೊಳ್ಳುತ್ತಿದ್ದರು. ಹೋದ ವರ್ಷ ಹಾಗೆ ಕೂಗಿದ ಸೊಂಟದ ಅಳತೆ ಒಬ್ಬ ಹುಡುಗಿಯ ಹೆಸರೇ ಆಯಿತು. "ನಲವತ್ತು ಬಂತು, ಜಾಗ ಬಿಡ್ರೋ!" ಎಂದರು ಹುಡುಗರು. ಮೇಷ್ಟ್ರೂ ನಕ್ಕರು. ಚೆನ್ನಾಗಿ ಹಾಡುತ್ತಿದ್ದ ಅವಳನ್ನು ಪ್ರಾರ್ಥನೆಯಲ್ಲಿ ಹಿಂದಿನ ಸಾಲಿಗೆ ಕಳಿಸಿದರು. ಮುಂದೆ 'ನೋಡೋಕೆ ಚೆನ್ನಾಗಿರೋರು' ಬೇಕಂತೆ. ಇದಕ್ಕೆ ಶಿಸ್ತು ಎಂದು ಹೆಸರು!

"ಮಕ್ಕಳು ನಾಚಿಕೆಗೆ ಹೊಟ್ಟೆ ಒಳಗೆ ಎಳ್ಕೊಂಡು ನಿಲ್ತಾವೆ," ಎನ್ನುತ್ತಾರೆ ಟೇಪಕ್ಕ. "ಆ ಅಳತೆಗೆ ಹೊಲಿದ್ರೆ ಕೂತ ಕೂಡ್ಲೇ ಹೊಲಿಗೆ ಬಿಡುತ್ತೆ. ಅವಳ ಲಂಗ ಕ್ಲಾಸಲ್ಲೇ ಬಿಟ್ಕೊಳ್ತು. ಆಮೇಲೆ ಮಗು ಊಟದ ಡಬ್ಬಿನೇ ಮುಟ್ಟಲಿಲ್ಲ."

ಈಗ ಅದೇ ಹುಡುಗಿ ಅಮ್ಮನ ಹಿಂದೆ ನಿಂತಿದ್ದಾಳೆ. "ಈ ಸಲ ಕೂಗಿದ್ರೆ ಸ್ಕೂಲೇ ಬಿಡ್ತೀನಿ ಅಂತಾಳೆ," ಎನ್ನುತ್ತಾರೆ ಅಮ್ಮ. "ಮನೆ ಕನ್ನಡಿಗೆ ಟವೆಲ್ ಹಾಕಿಟ್ಟಿದ್ದಾಳೆ."

ಅಷ್ಟರಲ್ಲಿ ಹೆಡ್‌ಮಾಸ್ಟರ್ ಬರುತ್ತಾರೆ. "ಏನಮ್ಮಾ ಇದು, ಆಪರೇಷನ್ ಥಿಯೇಟರಾ? ಕಾರಿಡಾರಲ್ಲಿ ಬೇಗ ಮುಗಿಯುತ್ತೆ."

"ಆಯ್ತು ಸಾರ್. ಮೊದ್ಲು ನಿಮ್ಮ ಸೊಂಟದಿಂದ್ಲೇ ಶುರು ಮಾಡೋಣ. ಮೇಷ್ಟ್ರು ಕೂಗ್ಲಿ."

ಸಾಹೇಬರು ತಮಗೇ ಗೊತ್ತಿಲ್ಲದೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. "ಮುಂದಿನ ವರ್ಷ ಬೇರೆ ಟೈಲರ್ ನೋಡ್ಕೋತೀವಿ," ಎಂದು ಹೊರಟುಬಿಡುತ್ತಾರೆ.

ಹುಡುಗಿಯನ್ನು ಒಳಗೆ ಕರೆದು ಟೇಪಕ್ಕ ಬಾಗಿಲು ಮುಚ್ಚುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಹೊರಬಂದ ಹುಡುಗಿ ಅಮ್ಮನ ಕೈಯಿಂದ ಊಟದ ಡಬ್ಬಿ ಕಿತ್ತುಕೊಂಡು ತರಗತಿಯ ಕಡೆ ನಡೆಯುತ್ತಾಳೆ.

ಈ ಶಾಲೆ ಕೈಬಿಟ್ಟರೆ ಟೇಪಕ್ಕನ ಅರ್ಧ ವರ್ಷದ ಹೊಲಿಗೆ ಹೋದಂತೆ. ಹೆದರಿಕೆಯಿಲ್ಲವೇ?

"ಇದೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನನ್ನ ಜಾಗಕ್ಕೆ ಬರೋ ಟೈಲರ್‌ಗೂ ಹೇಳೇ ಹೋಗ್ತೀನಿ, ಬಾಗಿಲು ಹಾಕ್ಕೊಂಡೇ ಅಳತೆ ತೆಗಿ ಅಂತ."