ಗುಣಮಟ್ಟ ಹೆಚ್ಚಿಸಿದ ಆದೇಶ

ಎರಡು ಸಾವಿರನೇ ಇಸವಿಯ ಆಜೂಬಾಜು ನಾನು ಶಿಕ್ಷಣ ಕಚೇರಿಯಲ್ಲಿ ಗುಮಾಸ್ತ. ಒಮ್ಮೆ ಸಾಹೇಬರ ಜೊತೆ ಇಂಡಿ ಸೀಮೆಯ ಒಂದು ತೋಟದ ವಸ್ತಿಗೆ ಹೋಗಿದ್ದೆ. ಅಲ್ಲಿಯ ಸರಕಾರಿ ಸಾಲಿಯಲ್ಲಿ ಹನ್ನೊಂದೇ ಮಕ್ಕಳು, ಕಲಿಸಲು ಒಬ್ಬರೇ ಅಕ್ಕೋರು. ಗುಣಮಟ್ಟ ಹೆಚ್ಚಿಸಲು ಅದನ್ನು ಮುಚ್ಚಿ, ಮಕ್ಕಳನ್ನು ಊರಿನ ದೊಡ್ಡ ಸಾಲಿಗೆ ಸೇರಿಸಬೇಕೆಂಬ ಆದೇಶ ನಮ್ಮ ಕೈಯಲ್ಲಿತ್ತು.

“ಹನ್ನೊಂದು ಹುಡುಗರಿಗೆ ಏನ್ ಕಲಸ್ತೀರಿ ಅಕ್ಕೋರ?” ಎಂದು ಸಾಹೇಬರು ನಕ್ಕರು.

ಅಕ್ಕೋರು ಸಾಹೇಬರ ಕೈಯಿಂದ ಆದೇಶ ಇಸಿದುಕೊಂಡರು. ಅದನ್ನೇ ಮೂರನೇ ಇಯತ್ತೆಯ ರೇಣುಕಾಳ ಕೈಗಿತ್ತು, “ಓದವಾ” ಎಂದರು. ಅವಳು ಎಲ್ಲೂ ತಡವರಿಸದೆ ಓದಿ ಮುಗಿಸಿ, “ಸರ್, ಗುಣಮಟ್ಟ ಅಂದ್ರ ಏನ್ರಿ?” ಎಂದು ಕೇಳಿದಳು.

“ದೊಡ್ಡ ಸಾಲಿಗಿ ಹೋದ ಮ್ಯಾಲೆ ತಿಳೀತೈತಿ,” ಎಂದು ಸಾಹೇಬರು ಜೀಪು ಹತ್ತಿದರು.

ಅಲ್ಲಿಂದ ನಾವು ಹೋದ ದೊಡ್ಡ ಸಾಲಿಯ ಒಂದೇ ಕೋಣೆಯಲ್ಲಿ ತೊಂಬತ್ತು ಮಕ್ಕಳಿದ್ದರು. ಸಾಹೇಬರು ಅಲ್ಲೂ ಮೂರನೇ ಇಯತ್ತೆಯ ಒಬ್ಬನಿಗೆ ಪಾಠ ಓದಲು ಹೇಳಿದರು. ಅವನು ಮೊದಲ ಅಕ್ಷರಕ್ಕೇ ತಡವರಿಸಿ ನಿಂತ. ಅವನ ಹೆಸರು ಕೇಳಿದರೆ ಮಾಸ್ತರರು, “ನೆನಪಿಲ್ರಿ, ಹಾಜರಿ ಪುಸ್ತಕದಾಗ ಇರ್ತೈತ್ರಿ,” ಎಂದರು. ಸಾಹೇಬರು ಕಟ್ಟಡ ನೋಡಿ ‘ಉತ್ತಮ’ ಎಂದು ಬರೆದರು.

ಜೂನ್‌ನಲ್ಲಿ ವಸ್ತಿಯ ಸಾಲಿಗೆ ಕೀಲಿ ಬಿತ್ತು. ದಿನಾ ಮೂರು ಮೈಲಿ ನಡೆಯಲಾಗದೆ ರೇಣುಕಾ ಕಲಿಯುವುದನ್ನೇ ಬಿಟ್ಟಳು. ನಮ್ಮ ವರದಿಯಲ್ಲಿ ಮಾತ್ರ ಅವಳು ವರ್ಷವಿಡೀ ದೊಡ್ಡ ಸಾಲಿಗೆ ಹಾಜರಾಗಿದ್ದಳು. ಆ ವರದಿ ಟೈಪ್ ಮಾಡಿದವನು ನಾನೇ. ಅದರಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ.