ನಾಳೆ ಟೈಲರ್ ಹೇಳಿದ ಸಾಕ್ಷಿ

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ನಾಳೆ ಟೈಲರ್. ಕೈ ಚೊಕ್ಕ, ಮಾತು ಮಾತ್ರ ನೆಚ್ಚುವಂಥದ್ದಲ್ಲ. ಯಾವ ಬಟ್ಟೆ ಕೇಳಿದರೂ ನಾಳೆ. ಮಾರನೆಯ ದಿನ ಗಿರಾಕಿ ಬಂದರೆ ಒಂದು ನೆಪ: ಕರೆಂಟ್ ಹೋಯಿತು, ಸೂಜಿ ಮುರಿಯಿತು, ಹೆಂಡತಿಗೆ ಜ್ವರ. ನಮ್ಮಕ್ಕ ಗುಂಡುಕಲ್ಲಿನ ಹಾಗಿದ್ದಳು, ಆದರೂ ಭಾವನ ಬಾಯಲ್ಲಿ ವಾರಕ್ಕೊಮ್ಮೆ ಹಾಸಿಗೆ ಹಿಡಿಯುತ್ತಿದ್ದಳು. ಅಲ್ಲೇ ಇಸ್ತ್ರಿ ಹಾಕುತ್ತಿದ್ದ ನಾನು ಎಲ್ಲಕ್ಕೂ ಹೌದೆಂದು ತಲೆಯಾಡಿಸುತ್ತಿದ್ದೆ.

ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳ ಗಂಡ ಎದುರಿನ ಕಬ್ಬಿಣದಂಗಡಿಯಲ್ಲಿ ಹಮಾಲಿ. ಒಂದು ದಿನ ಮಧ್ಯಾಹ್ನ ನಾಲ್ಕು ಗಂಟೆ ಹೊತ್ತಿಗೆ ಅವನು ಅಲ್ಲೇ ಸತ್ತುಬಿದ್ದ. ಏಣಿಯಿಂದ ಜಾರಿದ ಎಂದ ಅಂಗಡಿಯ ಯಜಮಾನ. ಯಜಮಾನನೇ ಸರಳಿನಿಂದ ತಲೆಗೆ ಹೊಡೆದದ್ದನ್ನು ಭಾವ ಮಿಷನ್ ಮುಂದಿನ ಕಿಟಕಿಯಿಂದ ಕಣ್ಣಾರೆ ಕಂಡಿದ್ದ. ಆಗ ಅವಳು ಮನೆಗೆ ಹೋಗಿದ್ದಳು, ನಾನು ದಾರ ತರಲು ಪೇಟೆಗೆ ಹೋಗಿದ್ದೆ. ಬೀದಿಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಭಾವ ಮೂರನೆಯ ದಿನ ಧೈರ್ಯ ಮಾಡಿ ಠಾಣೆಗೆ ಹೋಗಿ ಹೇಳಿದ. ಕೇಸು ಅವನೊಬ್ಬನ ಮಾತಿನ ಮೇಲೆ ನಿಂತಿತು.

"ನನಗಿರೋದು ನೀವೊಬ್ರೇ," ಎಂದಳು ಅವಳು.

ಕೇಸು ಕೋರ್ಟಿಗೆ ಬರುವಷ್ಟರಲ್ಲಿ ಮೂರು ವರ್ಷ ಕಳೆಯಿತು. ಭಾವ ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದ, ಒಮ್ಮೆಯೂ ತಡವರಿಸಲಿಲ್ಲ. ಆಮೇಲೆ ಯಜಮಾನನ ವಕೀಲರು ಎದ್ದರು. ಸಾವಿನ ಮಾರನೆಯ ದಿನ ಪ್ಯಾಂಟ್ ಕೇಳಲು ಶಾಲೆಯ ಮೇಷ್ಟರು ಬಂದಿದ್ದರಂತೆ. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲೇ ಇರಲಿಲ್ಲ ಸಾರ್, ದಾರ ತರಲು ಹೋಗಿದ್ದೆ, ಅದಕ್ಕೇ ಹೊಲಿಯಲಾಗಲಿಲ್ಲ ಎಂದು ಭಾವ ಅವರಿಗೆ ಹೇಳಿದ್ದನಂತೆ. ಹೇಳಿದ್ದು ನಿಜ. ಪೇಟೆಗೆ ಹೋದವನು ನಾನು, ಭಾವ ನೆಪಕ್ಕೆ ಅದನ್ನೇ ಎತ್ತಿಕೊಂಡಿದ್ದ. ನಾನು ಎಂದಿನಂತೆ ಹೌದೆಂದಿದ್ದೆ.

ಯಾವುದು ಸುಳ್ಳು, ಆವತ್ತಿನದೋ ಇವತ್ತಿನದೋ ಎಂದು ವಕೀಲರು ಕೇಳಿದರು.

"ಅದು ಸುಳ್ಳು ಸ್ವಾಮಿ. ಅದು ಬರೀ ಪ್ಯಾಂಟಿನ ವಿಷ್ಯ," ಎಂದ ಭಾವ.

ಕೋರ್ಟಿನಲ್ಲಿ ನಗು ಎದ್ದಿತು. ಭಾವನಿಗೆ ಅವರು ನಗುತ್ತಿರುವುದೇಕೆಂದು ತಿಳಿಯಲಿಲ್ಲ.

ಮೇಷ್ಟರು ಬಂದು ಅದನ್ನೇ ಹೇಳಿ ಹೋದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ, ಆದರೆ ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇಂಥವನ ಒಂದು ಮಾತನ್ನು ನೆಚ್ಚಿ ಯಾರನ್ನೂ ಜೈಲಿಗೆ ಕಳಿಸಲಾಗದು ಎಂದು ನ್ಯಾಯಾಧೀಶರು ಯಜಮಾನನನ್ನು ಬಿಟ್ಟುಬಿಟ್ಟರು. ಭಾವ, ಅವಳು, ನಾನು ಮೂವರೂ ಒಂದೇ ಬಸ್ಸಿನಲ್ಲಿ ವಾಪಸು ಬಂದೆವು.

ಮರುದಿನ ಎದುರಿನ ಅಂಗಡಿಯ ಷಟರ್ ಎತ್ತಿದ ಸದ್ದು ಕೇಳಿತು. ಅವಳು ಹೊತ್ತಿಗೆ ಸರಿಯಾಗಿ ಬಂದು ತನ್ನ ಮೂಲೆಯಲ್ಲಿ ಕೂತಳು.

"ನಾನು ಕಂಡಿದ್ದೆ ಕಣಮ್ಮ," ಎಂದ ಭಾವ.

"ನನಗ್ಗೊತ್ತು," ಎಂದಳು. ಎದ್ದು, ಹಳೆಯ ಗಂಟುಗಳ ಅಡಿಯಿಂದ ಒಂದು ಗಂಟು ಎಳೆದು ಬಿಚ್ಚಿದಳು. ಕತ್ತರಿಸಿಟ್ಟ ನೀಲಿ ಬಟ್ಟೆ. ಅವಳ ಗಂಡ ಬದುಕಿದ್ದಾಗ ಅಂಗಿಗೆಂದು ಕೊಟ್ಟದ್ದು, ಎಷ್ಟು ಸಲ ಕೇಳಿದರೂ ಭಾವ ನಾಳೆ ಎಂದದ್ದು.

"ಇದನ್ನ ಯಾವಾಗ ಕೊಡ್ತೀರಿ?"

ಭಾವ ಬಟ್ಟೆಯನ್ನು ಎಳೆದುಕೊಂಡು ಮಿಷನ್ ಮೇಲೆ ಹಾಸಿದ.

"ಇವತ್ತು," ಎಂದ.

ಮಧ್ಯಾಹ್ನದ ಹೊತ್ತಿಗೆ ಅಂಗಿ ಮುಗಿಯಿತು. ನನಗೆ ಗೊತ್ತಿದ್ದ ಹಾಗೆ, ಭಾವ ಹೇಳಿದ ದಿನವೇ ಕೊಟ್ಟ ಬಟ್ಟೆ ಅದೊಂದೇ. ನಾನು ಇಸ್ತ್ರಿ ಹಾಕಿದೆ. ಗುಂಡಿಗಳನ್ನು ಅವಳೇ ಹೊಲಿದಳು, ಏಳೂ.