ಗಿರಣಿಯ ಹೊಗೆ ಎಲ್ಲಿ ಇಳಿಯುತ್ತೆ?

ಗೆಳೆಯರೇ, ಇವತ್ತು ಹೊನ್ನಾಳಿಯಲ್ಲಿ ಅತ್ತೆಯ ಮಗಳು ಶಾರದಕ್ಕ ಸಿಕ್ಕಿದ್ದಳು. ಎಂಬತ್ತರ ದಶಕದಲ್ಲಿ ಅವಳು ನಮ್ಮಪ್ಪನ ಜೊತೆ ವಾದಕ್ಕೆ ನಿಂತದ್ದು ನೆನೆದು ಇಬ್ಬರೂ ನಕ್ಕೆವು.

ಆಗ ನಮ್ಮ ಮನೆ ಅಕ್ಕಿ ಗಿರಣಿಯ ಚಿಮಣಿ ಪಕ್ಕದಲ್ಲೇ ಇತ್ತು. ಅಮ್ಮನಿಗೆ ಉಬ್ಬಸ. ಹೊಗೆಯಿಂದ ದೂರ ಇರೋಣ ಅಂತ ಅಪ್ಪ ಊರಂಚಿನಲ್ಲಿ ಬಾಡಿಗೆ ಮನೆ ಗೊತ್ತು ಮಾಡಿದ್ದರು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಶಾರದಕ್ಕ ಚಿಮಣಿಯ ಎತ್ತರ, ಗಾಳಿಯ ದಿಕ್ಕು, ವೇಗ ಎಲ್ಲ ಕಾಲೇಜಿನ ಕಂಪ್ಯೂಟರಿಗೆ ಹಾಕಿ ಲೆಕ್ಕ ತೆಗೆದು ಬಂದಳು.

“ಮಾವ, ಅಲ್ಲಿಗೆ ಹೋಗಬ್ಯಾಡ್ರಿ. ಹೊಗೆ ಮೇಲೆ ಹೋಗಿ, ಗಾಳಿ ಜೊತೆ ಹರಡಿ, ಆ ಮನೆ ಹತ್ರಾನೇ ಜಾಸ್ತಿ ಇಳಿಯಾದು. ಚಿಮಣಿ ಬುಡದಾಗೆ ಕಮ್ಮಿ.”

“ಬುಡದಾಗೆ ಕಮ್ಮಿ ಹೆಂಗಾಗ್ತೈತೆ?” ಅಂತ ಅಪ್ಪ ರೇಗಿದರು.

ಅಮ್ಮ ಒಗೆದ ಬಿಳಿ ಪಂಚೆಗಳಲ್ಲಿ ಒಂದನ್ನು ನಮ್ಮಂಗಳದಲ್ಲಿ, ಇನ್ನೊಂದನ್ನು ಆ ಮನೆಯ ಹಿತ್ತಲಲ್ಲಿ ಒಣಹಾಕಿದಳು. ಸಂಜೆ ನಮ್ಮದು ಹೆಚ್ಚುಕಮ್ಮಿ ಬಿಳಿ. ಅಲ್ಲಿಯದರ ತುಂಬ ಮಸಿ.

ಅಪ್ಪ ಅದನ್ನು ಕೈಯಲ್ಲಿ ಹಿಡಿದು ಶಾರದಕ್ಕನ ಕಡೆ ತಿರುಗಿದರು. “ಹೊನ್ನಾಳಿ ಕಂಡೇ ಇಲ್ಲದ ಯಂತ್ರಕ್ಕೆ ನಮ್ಮೂರ ಗಾಳಿ ಹೆಂಗವ್ವ ಗೊತ್ತಾತು?”

ಹೊಗೆ ಹೋಗದ, ಗಾಳಿ ಬರುವ ದಿಕ್ಕಿನಲ್ಲಿ ಬೇರೆ ಮನೆ ಮಾಡಿದೆವು. ಅಮ್ಮನ ಉಬ್ಬಸ ಇಳಿಯಿತು. ಅಪ್ಪ ಮಾತ್ರ ಆಮೇಲೆ ಬಾವಿ ತೋಡಿಸಲಿ, ಹೆಣ್ಣು ನೋಡಲಿ, “ಮೊದ್ಲು ಶಾರದನ ಕಂಪ್ಯೂಟರ್ ಏನಂತೈತೆ ಕೇಳ್ರಿ” ಎನ್ನತೊಡಗಿದರು.